ಒಂದು ತಿಂಗಳು, ಮೂರು ಅಧ್ಯಾಯ, ಒಂದು ‘ಮೈಸೂರು’

ಜುಲೈ ತಿಂಗಳಲ್ಲಿ ನಾನು ಓದಿದ್ದು ಒಂದು ಪುಸ್ತಕದ ಮೂರು ಅಧ್ಯಾಯ. ಕಲಿತದ್ದು ಒಂದೇ ಒಂದು ವಿಷಯ, ಅದೂ ಇನ್ನೂ ಪೂರ್ತಿ ಮುಗಿದಿಲ್ಲ. ಟೆಕ್ ಸುದ್ದಿಯನ್ನು ಮಾತ್ರ ಮೆಟ್ರೊದಲ್ಲಿ, ಊಟದ ಹೊತ್ತಿನಲ್ಲಿ, ಮಲಗುವ ಮುಂಚೆ ಓದಿದ್ದೇ ಓದಿದ್ದು. ಸಾಫ್ಟ್‌ವೇರ್ ಡೆವಲಪರ್ ಆಗಿ ಆರನೇ ವರ್ಷದಲ್ಲಿರುವ ನನಗೆ ಈ ಲೆಕ್ಕದ ಬಗ್ಗೆ ಸಂಕೋಚವೇನೂ ಇಲ್ಲ.

ಈಗಷ್ಟೇ ಬಿ.ಇ. ಮುಗಿಸಿ ಕೆಲಸ ಹುಡುಕುತ್ತಿರುವ ನನ್ನ ಚಿಕ್ಕಪ್ಪನ ಮಗನ ಲೆಕ್ಕ ಬೇರೆಯೇ ಇದೆ. ಅದೇ ಜುಲೈನಲ್ಲಿ ಅವನು ಮೂರು ಆನ್‌ಲೈನ್ ಸರ್ಟಿಫಿಕೇಟ್ ಪಡೆದಿದ್ದಾನೆ. ಕ್ಲೌಡ್ ಕಂಪ್ಯೂಟಿಂಗ್‌ಗೆ ಒಂದು, ಜನರೇಟಿವ್ ಎಐಗೆ ಒಂದು, ಎಐಗೆ ಪ್ರಶ್ನೆ ಕೇಳುವುದು ಹೇಗೆ ಎಂಬುದಕ್ಕೆ ಇನ್ನೊಂದು. ಮೂರರ ಪಿಡಿಎಫ್‌ಗಳನ್ನೂ ವಾಟ್ಸ್‌ಆ್ಯಪ್‌ನಲ್ಲಿ ಕಳುಹಿಸಿ, ಕೆಳಗೆ ಒಂದು ಸಾಲು ಬರೆದಿದ್ದ: ‘ಅಣ್ಣಾ, ಇನ್ನೇನು ಕಲೀಲಿ?’

ಆ ಪ್ರಶ್ನೆಯಲ್ಲಿ ಉತ್ಸಾಹಕ್ಕಿಂತ ಗಾಬರಿಯೇ ಹೆಚ್ಚಿತ್ತು. ಅವನಂತೆ ಗಾಬರಿಯಾಗಿರುವ ಎಷ್ಟೋ ಜನ ಈ ಪುಟ ಓದುತ್ತಾರೆ ಅನ್ನಿಸಿ ಇಲ್ಲಿ ಬರೆಯುತ್ತಿದ್ದೇನೆ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಕೆಲಸ ಹುಡುಕುವವರಿಗೆ ಟೆಕ್ ಸುದ್ದಿ ವಾರಕ್ಕೆ ಅರ್ಧ ಗಂಟೆ ಸಾಕು. ಉಳಿದ ಸಮಯದಲ್ಲಿ ಹಳೆಯ ವಿಷಯವೊಂದನ್ನು ಬುಡದವರೆಗೆ ಕಲಿಯುವುದು ಹೆಚ್ಚು ಲಾಭದ ಕೆಲಸ. ಇದನ್ನು ನನಗೆ ಮತ್ತೆ ಮನವರಿಕೆ ಮಾಡಿಕೊಟ್ಟದ್ದು ತಮಾಷೆಯೆಂದರೆ ಇದೇ ಜುಲೈ ತಿಂಗಳ ಟೆಕ್ ಸುದ್ದಿಯೇ.

ಸುದ್ದಿಗೇನೂ ಬರವಿರಲಿಲ್ಲ. 15ರಂದು ಖಾಸಗಿ ಕಂಪನಿಗಳಲ್ಲಿ ಸ್ಥಳೀಯರಿಗೆ ಆಡಳಿತ ಹುದ್ದೆಗಳಲ್ಲಿ ಶೇ 50, ಉಳಿದ ಹುದ್ದೆಗಳಲ್ಲಿ ಶೇ 70ರಷ್ಟು ಮೀಸಲಿಡುವ ಮಸೂದೆಗೆ ರಾಜ್ಯ ಸಂಪುಟ ಒಪ್ಪಿಗೆ ಕೊಟ್ಟಿತು. ಉದ್ಯಮದವರು ಗಲಾಟೆ ಎಬ್ಬಿಸಿದರು, 17ರಂದು ಅದನ್ನು ತಡೆಹಿಡಿಯಲಾಯಿತು. 18ರಂದು ಓಪನ್‌ಎಐ ಕಂಪನಿಯ ಜಿಪಿಟಿ-4ಒ ಮಿನಿ ಬಂತು. 23ರಂದು ಮೆಟಾ ಕಂಪನಿ ಲಾಮಾ 3.1 ಬಿಡುಗಡೆ ಮಾಡಿತು, ಅದರ ದೊಡ್ಡ ಆವೃತ್ತಿಯಲ್ಲಿ 40,500 ಕೋಟಿ ಪ್ಯಾರಾಮೀಟರ್‌ಗಳು. ಅದೇ ದಿನ ಕೇಂದ್ರ ಬಜೆಟ್‌ನಲ್ಲಿ, 500 ದೊಡ್ಡ ಕಂಪನಿಗಳಲ್ಲಿ ಐದು ವರ್ಷದಲ್ಲಿ ಒಂದು ಕೋಟಿ ಯುವಕರಿಗೆ ತಿಂಗಳಿಗೆ 5 ಸಾವಿರ ರೂಪಾಯಿ ಭತ್ಯೆಯ ಇಂಟರ್ನ್‌ಶಿಪ್ ಕೊಡಿಸುವ ಘೋಷಣೆಯಾಯಿತು. ಒಂದು ಹೊಸ ಎಐ ಮಾದರಿಯ ಹೆಸರು ಬಾಯಿಪಾಠ ಆಗುವಷ್ಟರಲ್ಲಿ ಇನ್ನೊಂದು ಬಂದಿರುತ್ತದೆ.

ಇದರಲ್ಲಿ ಕೆಲಸ ಹುಡುಕುವವರು ನಿಜವಾಗಿ ಗಮನಿಸಬೇಕಾದ ಸುದ್ದಿ ಯಾವುದು? ನನ್ನ ಪ್ರಕಾರ ಅದು ಯಾವ ಯೂಟ್ಯೂಬ್ ಥಂಬ್‌ನೇಲ್‌ನಲ್ಲೂ ಕಿರುಚದೆ ವಾಣಿಜ್ಯ ಪುಟದ ಮೂಲೆಯಲ್ಲಿ ಬಂದು ಹೋಯಿತು. 2023–24ರಲ್ಲಿ ಟಿಸಿಎಸ್, ಇನ್ಫೊಸಿಸ್, ವಿಪ್ರೊ ಮೂರೂ ಕಂಪನಿಗಳ ಒಟ್ಟು ಸಿಬ್ಬಂದಿ ಸಂಖ್ಯೆ 63 ಸಾವಿರಕ್ಕೂ ಹೆಚ್ಚು ಇಳಿದಿತ್ತು. 2024ರ ಜುಲೈನಲ್ಲಿ ಟಿಸಿಎಸ್, ಏಪ್ರಿಲ್–ಜೂನ್ ಅವಧಿಯಲ್ಲಿ ತನ್ನ ಸಿಬ್ಬಂದಿ 5,452ರಷ್ಟು ಹೆಚ್ಚಿದೆ ಎಂದು ತಿಳಿಸಿತು. 2024–25ರ ಆರ್ಥಿಕ ವರ್ಷದಲ್ಲಿ 15ರಿಂದ 20 ಸಾವಿರ ಹೊಸಬರನ್ನು ತೆಗೆದುಕೊಳ್ಳುವುದಾಗಿ ಇನ್ಫೊಸಿಸ್ ಹೇಳಿತು. ಬಾಗಿಲು ಮುಚ್ಚಿಲ್ಲ, ಆದರೆ ಕಿರಿದಾಗಿದೆ. ಮೊದಲು ಹತ್ತು ಜನ ಒಟ್ಟಿಗೆ ನುಗ್ಗಬಹುದಾಗಿದ್ದ ಕಡೆ ಈಗ ಒಬ್ಬೊಬ್ಬರನ್ನೇ ನಿಲ್ಲಿಸಿ ನೋಡಿ ಬಿಡುತ್ತಿದ್ದಾರೆ. ಹಾಗೆ ನಿಲ್ಲಿಸಿ ನೋಡುವಾಗ ಏನು ಕೇಳುತ್ತಾರೆ ಎಂಬುದೇ ಮುಖ್ಯ ಪ್ರಶ್ನೆ.

ಅದಕ್ಕೆ ಬರುತ್ತೇನೆ. ಅದಕ್ಕೂ ಮುಂಚೆ ಜುಲೈ 19ರ ಶುಕ್ರವಾರದ ವಿಷಯ.

ಅಂದು ಬೆಳಿಗ್ಗೆ ಭಾರತೀಯ ಕಾಲಮಾನ 9.39ಕ್ಕೆ, ಅಮೆರಿಕದ ಸೈಬರ್ ಭದ್ರತಾ ಕಂಪನಿ ಕ್ರೌಡ್‌ಸ್ಟ್ರೈಕ್ ತನ್ನ ಗ್ರಾಹಕರ ವಿಂಡೋಸ್ ಕಂಪ್ಯೂಟರ್‌ಗಳಿಗೆ ಒಂದು ಪುಟ್ಟ ಅಪ್‌ಡೇಟ್ ಕಳುಹಿಸಿತು. ಕಂಪ್ಯೂಟರ್‌ಗಳ ಪರದೆ ನೀಲಿಯಾಯಿತು. ಮೈಕ್ರೊಸಾಫ್ಟ್ ಅಂದಾಜಿನ ಪ್ರಕಾರ 85 ಲಕ್ಷ ಕಂಪ್ಯೂಟರ್‌ಗಳು. ಜಗತ್ತಿನ ಒಟ್ಟು ವಿಂಡೋಸ್ ಯಂತ್ರಗಳಲ್ಲಿ ಇದು ಶೇ 1ಕ್ಕಿಂತ ಕಡಿಮೆ. ಆದರೆ ಆ ಶೇ 1 ಇದ್ದದ್ದು ವಿಮಾನ ನಿಲ್ದಾಣಗಳಲ್ಲಿ, ಆಸ್ಪತ್ರೆಗಳಲ್ಲಿ, ಬ್ಯಾಂಕುಗಳಲ್ಲಿ. ಬೆಂಗಳೂರಿನ ವಿಮಾನ ನಿಲ್ದಾಣದಲ್ಲೂ ಸರದಿ ಬೆಳೆಯಿತು. ದೇಶದ ಕೆಲವೆಡೆ ಪೆನ್ನಿನಲ್ಲಿ ಬರೆದ ಬೋರ್ಡಿಂಗ್ ಪಾಸ್ ಕೊಟ್ಟರು. ಆ ಕೈಬರಹದ ಚೀಟಿಯ ಫೋಟೊ ನಿಮ್ಮ ಮೊಬೈಲ್‌ಗೂ ಬಂದಿರುತ್ತದೆ.

ಎಲ್ಲರೂ ಆ ಚೀಟಿಯ ಫೋಟೊ ನೋಡಿ ನಕ್ಕು ಮುಂದೆ ಹೋದರು. ನಾನು ಮಾತ್ರ ಆ ಸುದ್ದಿಯನ್ನು ಬಿಡಲಿಲ್ಲ, ಏಕೆಂದರೆ ನನಗೆ ಒಂದು ಕುತೂಹಲ ಕಾಡುತ್ತಿತ್ತು: ನಿಜವಾಗಿ ತಪ್ಪಿದ್ದು ಎಲ್ಲಿ? ಕಂಪನಿ ಜುಲೈ 24ರಂದು ಪ್ರಾಥಮಿಕ ವರದಿಯನ್ನೂ, ಆಗಸ್ಟ್ 6ರಂದು ಪೂರ್ಣ ವರದಿಯನ್ನೂ ಪ್ರಕಟಿಸಿತು. ಎರಡನ್ನೂ ಯಾರು ಬೇಕಾದರೂ ಓದಬಹುದು. ಓದಿದರೆ ಗೊತ್ತಾಗುವುದು ಇಷ್ಟು. ಅಪ್‌ಡೇಟ್‌ನ ನಮೂನೆಯಲ್ಲಿ 21 ಮಾಹಿತಿಯ ಖಾನೆಗಳಿದ್ದವು. ಕಂಪ್ಯೂಟರ್‌ನಲ್ಲಿ ಕುಳಿತಿದ್ದ ಪ್ರೋಗ್ರಾಮ್ ಕೊಡುತ್ತಿದ್ದದ್ದು 20 ಖಾನೆಗೆ ಮಾತ್ರ. ಹೊಸ ನಿಯಮ 21ನೇ ಖಾನೆಯನ್ನು ನೋಡು ಎಂದಿತು. ಇಲ್ಲದ ಖಾನೆಯನ್ನು ನೋಡಲು ಹೋದ ಪ್ರೋಗ್ರಾಮ್ ತನ್ನದಲ್ಲದ ಮೆಮೊರಿಯನ್ನು ಓದಿ ಬಿದ್ದಿತು. ಆಪರೇಟಿಂಗ್ ಸಿಸ್ಟಮ್‌ನ ತಿರುಳಾದ ಕರ್ನಲ್‌ನೊಳಗೇ ಅದು ಕೆಲಸ ಮಾಡುತ್ತಿದ್ದುದರಿಂದ ಬೀಳುವಾಗ ಇಡೀ ಕಂಪ್ಯೂಟರನ್ನು ಎಳೆದುಕೊಂಡು ಬಿದ್ದಿತು.

ಇದು ನಿಮಗೆ ಎಲ್ಲೋ ಕೇಳಿದಂತೆ ಅನ್ನಿಸಬೇಕು. ಮೊದಲ ವರ್ಷದ ಸಿ ಲ್ಯಾಬ್‌ನಲ್ಲಿ ಅರೇ ಪಾಠ ಮಾಡುವಾಗ ಮೇಷ್ಟ್ರು ಹೇಳುವ ಮೊದಲ ಎಚ್ಚರಿಕೆಯೇ ಇದು: 20 ಮನೆಯ ಅರೇಯಲ್ಲಿ 21ನೇ ಮನೆ ಬಡಿಯಬೇಡಿ. ವೈವಾಗೆ ಬಾಯಿಪಾಠ ಮಾಡಿ, ಪರೀಕ್ಷೆ ಮುಗಿದ ಸಂಜೆಯೇ ಮರೆಯುವ ಸಾಲು. ಎಐ ಯುಗ ಎಂದು ನಾವೆಲ್ಲ ಕುಣಿಯುತ್ತಿದ್ದ ತಿಂಗಳಲ್ಲಿ ಜಗತ್ತಿನ ವಿಮಾನಗಳನ್ನು ನೆಲಕ್ಕೆ ಕೂರಿಸಿದ್ದು ಆ ಸಾಲು.

ವರದಿಯಲ್ಲಿ ನನಗೆ ಇನ್ನೂ ಹೆಚ್ಚು ಹಿಡಿಸಿದ ಭಾಗ ಬೇರೆ. ಇಷ್ಟು ಸರಳ ದೋಷ ಪರೀಕ್ಷೆಯಲ್ಲಿ ಯಾಕೆ ಸಿಕ್ಕಲಿಲ್ಲ? ಪರೀಕ್ಷೆ ಮಾಡಿದ್ದರು. ಆದರೆ ಆಗೆಲ್ಲ 21ನೇ ಖಾನೆಯಲ್ಲಿ ‘ಏನಿದ್ದರೂ ಸರಿ’ ಎಂಬರ್ಥದ ವೈಲ್ಡ್‌ಕಾರ್ಡ್ ಇತ್ತು. ಏನಿದ್ದರೂ ಸರಿ ಎಂದ ಮೇಲೆ ಆ ಖಾನೆಯನ್ನು ತೆರೆದು ನೋಡುವ ಅಗತ್ಯವೇ ಬೀಳಲಿಲ್ಲ. ಪರೀಕ್ಷೆ ಪಾಸಾಗುತ್ತಲೇ ಹೋಯಿತು, ದೋಷ ಅಡಗಿ ಕುಳಿತೇ ಇತ್ತು. ಜೊತೆಗೆ ಅಪ್‌ಡೇಟನ್ನು ಮೊದಲು ಸ್ವಲ್ಪ ಕಂಪ್ಯೂಟರ್‌ಗೆ ಕೊಟ್ಟು, ನೋಡಿ, ಆಮೇಲೆ ಉಳಿದವಕ್ಕೆ ಕೊಡುವ ಪದ್ಧತಿಯೂ ಈ ಬಗೆಯ ಅಪ್‌ಡೇಟ್‌ಗೆ ಇರಲಿಲ್ಲ. ಕಂಪನಿ 78 ನಿಮಿಷದಲ್ಲಿ ಅಪ್‌ಡೇಟ್ ಹಿಂತೆಗೆದುಕೊಂಡಿತು. ಅಷ್ಟರಲ್ಲಿ ಬಿದ್ದಿದ್ದ ಎಷ್ಟೋ ಯಂತ್ರಗಳನ್ನು ಎತ್ತಲು ಒಂದೊಂದರ ಮುಂದೆಯೂ ಮನುಷ್ಯ ಹೋಗಿ ಕೂತು, ಸೇಫ್ ಮೋಡ್‌ನಲ್ಲಿ ತೆರೆದು, ಆ ಒಂದು ಫೈಲನ್ನು ಅಳಿಸಬೇಕಾಯಿತು. ಆ ವಾರಾಂತ್ಯ ಸಿಸ್ಟಮ್ ಅಡ್ಮಿನ್‌ಗಳು ನಿದ್ದೆ ಮಾಡಿಲ್ಲ. ಅವರಿಗೆ ಅಂದು ಉಪಯೋಗಕ್ಕೆ ಬಂದದ್ದು ಲಾಮಾ 3.1 ಅಲ್ಲ.

ಈ ಒಂದು ಸುದ್ದಿಯ ಹಿಂದೆ ಹೋಗಲು ನನಗೆ ಹಿಡಿದದ್ದು ನಾಲ್ಕು ಸಂಜೆ. ಕರ್ನಲ್ ಎಂದರೇನು, ಡ್ರೈವರ್ ಯಾಕೆ ಅಲ್ಲಿ ಕೂರುತ್ತದೆ, ಹಂತಹಂತವಾಗಿ ಬಿಡುಗಡೆ ಮಾಡುವುದೆಂದರೇನು ಎಂಬುದೆಲ್ಲ ಮತ್ತೆ ಓದಬೇಕಾಯಿತು. ಅದೇ ನಾಲ್ಕು ಸಂಜೆಯಲ್ಲಿ ನಲವತ್ತು ಸುದ್ದಿ ಓದಬಹುದಿತ್ತು. ಸಂದರ್ಶನದಲ್ಲಿ ‘ಇತ್ತೀಚೆಗೆ ಓದಿದ ಟೆಕ್ ಸುದ್ದಿ ಹೇಳಿ’ ಎಂದು ಕೇಳಿದರೆ ನಲವತ್ತರ ಶೀರ್ಷಿಕೆ ಹೇಳುವವರಿಗೂ ಒಂದರ ಒಳಗನ್ನು ಹೇಳುವವರಿಗೂ ಇರುವ ವ್ಯತ್ಯಾಸ ಎದುರು ಕೂತವರಿಗೆ ಎರಡು ನಿಮಿಷದಲ್ಲಿ ತಿಳಿಯುತ್ತದೆ.

ಇನ್ನೊಂದು ಸುದ್ದಿ. ಜುಲೈ 24ರಂದು ಸ್ಟ್ಯಾಕ್ ಓವರ್‌ಫ್ಲೋ 2024ರ ಡೆವಲಪರ್ ಸಮೀಕ್ಷೆ ಪ್ರಕಟಿಸಿತು. ಜಗತ್ತಿನಾದ್ಯಂತ 65 ಸಾವಿರಕ್ಕೂ ಹೆಚ್ಚು ಜನ ಉತ್ತರಿಸಿದ್ದರು. ಶೇ 76ರಷ್ಟು ಮಂದಿ ಎಐ ಸಾಧನ ಬಳಸುತ್ತಿದ್ದಾರೆ ಅಥವಾ ಬಳಸಲಿದ್ದಾರೆ ಎಂಬುದು ಎಲ್ಲೆಡೆ ತಲೆಬರಹವಾಯಿತು. ಅದೇ ಸಮೀಕ್ಷೆಯ ಇನ್ನೊಂದು ಪಟ್ಟಿ ಯಾರ ಕಣ್ಣಿಗೂ ಬಿದ್ದಂತಿಲ್ಲ. ಹೆಚ್ಚು ಜನ ಬಳಸುವ ಭಾಷೆಗಳ ಪಟ್ಟಿಯ ಮೇಲಿನ ನಾಲ್ಕು ಹೆಸರು: ಜಾವಾಸ್ಕ್ರಿಪ್ಟ್, ಎಚ್‌ಟಿಎಂಎಲ್ ಮತ್ತು ಸಿಎಸ್‌ಎಸ್, ಪೈಥಾನ್, ಎಸ್‌ಕ್ಯುಎಲ್. ಜಾವಾಸ್ಕ್ರಿಪ್ಟ್ ಹುಟ್ಟಿದ್ದು 1995ರಲ್ಲಿ, ಪೈಥಾನ್ 1991ರಲ್ಲಿ, ಎಸ್‌ಕ್ಯುಎಲ್ ಐಬಿಎಂನ ಪ್ರಯೋಗಾಲಯದಲ್ಲಿ 1970ರ ದಶಕದಲ್ಲಿ. ಪದವಿ ಮುಗಿಸಿ ಬರುತ್ತಿರುವವರಿಗಿಂತ ಈ ಎಲ್ಲ ಭಾಷೆಗಳಿಗೂ ವಯಸ್ಸು ಜಾಸ್ತಿ. ‘ನೀವು ಕಲಿತದ್ದೆಲ್ಲ ಆರು ತಿಂಗಳಲ್ಲಿ ಹಳತಾಗುತ್ತದೆ’ ಎಂದು ಹೆದರಿಸಿ ಕೋರ್ಸ್ ಮಾರುವವರು ಈ ಪಟ್ಟಿಯನ್ನು ತೋರಿಸುವುದಿಲ್ಲ.

ಇನ್ನು ನನ್ನ ಮೂರು ಅಧ್ಯಾಯ. ಪುಸ್ತಕ ಮಾರ್ಟಿನ್ ಕ್ಲೆಪ್‌ಮನ್ ಅವರ ‘ಡಿಸೈನಿಂಗ್ ಡೇಟಾ-ಇಂಟೆನ್ಸಿವ್ ಅಪ್ಲಿಕೇಷನ್ಸ್’, 2017ರದು. ಮುಖಪುಟದಲ್ಲಿ ಒಂದು ಕಾಡುಹಂದಿಯ ಚಿತ್ರವಿದೆ. ನಮ್ಮ ಮಲೆನಾಡಿನ ಗದ್ದೆಗೆ ನುಗ್ಗುವ ಅದೇ ಭಾರತೀಯ ಕಾಡುಹಂದಿ. ಪುಸ್ತಕದ ಗಾತ್ರವೂ ಅದಕ್ಕೆ ತಕ್ಕ ಹಾಗಿದೆ. ಹೆಸರು ನೋಡಿ ಹೆದರಬೇಡಿ. ಮೂರನೇ ಅಧ್ಯಾಯದಲ್ಲಿ ಅವರು ಜಗತ್ತಿನ ಅತಿ ಸರಳ ಡೇಟಾಬೇಸನ್ನು ಎರಡು ಪುಟ್ಟ ಬ್ಯಾಶ್ ಫಂಕ್ಷನ್‌ಗಳಲ್ಲಿ ಬರೆದು ತೋರಿಸುತ್ತಾರೆ. ಒಂದು, ಬಂದ ಮಾಹಿತಿಯನ್ನು ಫೈಲಿನ ಕೊನೆಗೆ ಒಂದು ಸಾಲಾಗಿ ಸೇರಿಸುತ್ತದೆ. ಇನ್ನೊಂದು, ಬೇಕಾದದ್ದನ್ನು ಇಡೀ ಫೈಲಿನಲ್ಲಿ ಹುಡುಕಿ ಕೊನೆಯ ಸಾಲನ್ನು ಕೊಡುತ್ತದೆ. ಅಷ್ಟೇ.

ಇದನ್ನು ಓದುವಾಗ ನನಗೆ ನೆನಪಾದದ್ದು ಕಿರಾಣಿ ಅಂಗಡಿಯ ಉದ್ರಿ ಪುಸ್ತಕ. ಗಿರಾಕಿ ಬಂದಂತೆ ಕೊನೆಯ ಸಾಲಿನ ಕೆಳಗೆ ಬರೆದುಕೊಂಡು ಹೋದರೆ ಬರೆಯುವುದು ಸಲೀಸು. ಆದರೆ ‘ನನ್ನ ಬಾಕಿ ಎಷ್ಟು’ ಎಂದು ಯಾರಾದರೂ ಕೇಳಿದರೆ ಇಡೀ ಪುಸ್ತಕ ಮಗುಚಬೇಕು. ಅದಕ್ಕೇ ಜಾಣ ಅಂಗಡಿಯವರು ಮುಂದಿನ ಹಾಳೆಯಲ್ಲಿ ಹೆಸರುಗಳ ಪಟ್ಟಿ ಮಾಡಿ, ಯಾರ ಲೆಕ್ಕ ಯಾವ ಪುಟದಲ್ಲಿದೆ ಎಂದು ಬರೆದಿಡುತ್ತಾರೆ. ಡೇಟಾಬೇಸ್‌ನ ಇಂಡೆಕ್ಸ್ ಎಂದರೆ ಆ ಮುಂದಿನ ಹಾಳೆ. ಆದರೆ ಈಗ ಅಂಗಡಿಯವರಿಗೆ ಎರಡು ಕೆಲಸ: ಲೆಕ್ಕ ಬರೆದ ಮೇಲೆ ಮುಂದಿನ ಹಾಳೆಯನ್ನೂ ತಿದ್ದಬೇಕು. ಓದುವುದು ಚುರುಕಾಯಿತು, ಬರೆಯುವುದು ನಿಧಾನವಾಯಿತು.

ನಮ್ಮ ಕಂಪನಿಯಲ್ಲಿ ಹೊಸಬರ ಸಂದರ್ಶನಕ್ಕೆ ಆಗಾಗ ನನ್ನನ್ನೂ ಕೂರಿಸುತ್ತಾರೆ. ‘ಇಂಡೆಕ್ಸ್ ಎಂದರೇನು’ ಎಂದರೆ ಬಹುತೇಕ ಎಲ್ಲರೂ ‘ಹುಡುಕಾಟವನ್ನು ವೇಗಗೊಳಿಸುತ್ತದೆ’ ಎಂದು ತಟ್ಟನೆ ಹೇಳುತ್ತಾರೆ. ‘ಹಾಗಾದರೆ ಟೇಬಲ್‌ನ ಎಲ್ಲ ಕಾಲಂಗೂ ಇಂಡೆಕ್ಸ್ ಹಾಕಿಬಿಡೋಣವೇ?’ ಎಂದು ಕೇಳಿದರೆ ಸುಮಾರು ಜನ ಸುಮ್ಮನಾಗುತ್ತಾರೆ. ಉದ್ರಿ ಪುಸ್ತಕವನ್ನು ಒಮ್ಮೆ ಮನಸ್ಸಿನಲ್ಲಿ ತಿರುವಿ ಹಾಕಿದವರು ಸುಮ್ಮನಾಗುವುದಿಲ್ಲ. ಉತ್ತರ ಇಂಗ್ಲಿಷಿನಲ್ಲಿ ತಡವರಿಸಿ ಬಂದರೂ ಪರವಾಗಿಲ್ಲ, ಅದು ಸ್ವಂತದ್ದು ಎಂದು ನಮಗೆ ಗೊತ್ತಾಗುತ್ತದೆ. ಮುಂಚೆ ಹೇಳಿದ ಕಿರಿದಾದ ಬಾಗಿಲಲ್ಲಿ ಕೇಳುವುದು ಈ ಎರಡನೇ ಪ್ರಶ್ನೆಯನ್ನು. ಸರ್ಟಿಫಿಕೇಟ್ ಮೊದಲನೇ ಪ್ರಶ್ನೆಯವರೆಗೆ ಮಾತ್ರ ಜೊತೆಗೆ ಬರುತ್ತದೆ.

ಇಂಗ್ಲಿಷ್ ಪುಸ್ತಕ ಓದುವುದು ಕಷ್ಟ ಎನ್ನುವವರಿಗೆ ಒಂದು ಮಾತು. ಹತ್ತನೇ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದ ನನಗೂ ಆ ಪುಸ್ತಕದ ಕೆಲವು ಪುಟಕ್ಕೆ ಅರ್ಧ ಗಂಟೆ ಹಿಡಿಯುತ್ತದೆ. ಒಂದು ಅಧ್ಯಾಯ ಮುಗಿದ ಮೇಲೆ ನೋಟ್‌ಬುಕ್‌ನಲ್ಲಿ ಒಂದು ಪುಟ ಕನ್ನಡದಲ್ಲಿ ಬರೆಯುತ್ತೇನೆ. ತಾಂತ್ರಿಕ ಪದಗಳು ಇದ್ದ ಹಾಗೇ ಇರಲಿ, ಅವುಗಳ ನಡುವಿನ ವಾಕ್ಯಗಳು ನಮ್ಮವಾಗಿರಬೇಕು. ಬರೆಯಲು ಪೆನ್ನು ತಡೆದರೆ ಆ ಭಾಗ ಅರ್ಥವಾಗಿಲ್ಲ ಎಂದು ತಿಳಿದು ಹಿಂದೆ ಹೋಗುತ್ತೇನೆ. ಇಂಗ್ಲಿಷಿನಲ್ಲಿ ಬರೆದರೆ ಪುಸ್ತಕದ ವಾಕ್ಯವನ್ನೇ ನಕಲು ಮಾಡಿ ಅರ್ಥವಾಯಿತೆಂದು ಸಮಾಧಾನಪಡುವ ಅಪಾಯವಿದೆ. ವಿಡಿಯೊ ಬೇಕೆನ್ನುವವರಿಗೆ ಐಐಟಿ ಬಾಂಬೆಯ ಸ್ಪೋಕನ್ ಟ್ಯುಟೋರಿಯಲ್ ಯೋಜನೆಯಲ್ಲಿ ಲಿನಕ್ಸ್, ಸಿ, ಪೈಥಾನ್ ಮುಂತಾದವುಗಳ ಪಾಠ ಕನ್ನಡದ ಧ್ವನಿಯಲ್ಲೇ ಉಚಿತವಾಗಿ ಸಿಗುತ್ತದೆ. ಮೆಜೆಸ್ಟಿಕ್‌ನಿಂದ ಬಿಟಿಎಂ ಲೇಔಟ್‌ವರೆಗೆ ಗೋಡೆಗಳ ಮೇಲೆ ಅಂಟಿಸಿರುವ ‘45 ದಿನದಲ್ಲಿ ಫುಲ್‌ಸ್ಟ್ಯಾಕ್’ ಪೋಸ್ಟರ್‌ಗೆ ಫೋನ್ ಮಾಡುವ ಮುಂಚೆ ಅದನ್ನೊಮ್ಮೆ ನೋಡಿ. ಮನೆಯವರು ಸಾಲ ಮಾಡಿ ಕೊಡುವ ದುಡ್ಡು ಅದು.

ಕಲಿತ ವಿಷಯಕ್ಕೆ ಬರೋಣ. ಕಂಪ್ಯೂಟರ್ ಕನ್ನಡವನ್ನು ಒಳಗೆ ಹೇಗೆ ಇಟ್ಟುಕೊಳ್ಳುತ್ತದೆ ಎಂಬುದೇ ನನ್ನ ಜುಲೈ ತಿಂಗಳ ಪಾಠ. ನಿತ್ಯ ಕನ್ನಡದಲ್ಲಿ ಮೆಸೇಜ್ ಮಾಡುವ ನಾನು ಇದನ್ನು ಕೂತು ನೋಡಿರಲಿಲ್ಲ. ಶುರುವಾದದ್ದು ಸಂದರ್ಶನಗಳ ಸವೆದುಹೋದ ಪ್ರಶ್ನೆಯೊಂದರಿಂದ: ಒಂದು ಪದವನ್ನು ಹಿಂದುಮುಂದು ಮಾಡುವ ಪ್ರೋಗ್ರಾಮ್ ಬರೆಯಿರಿ. ಪೈಥಾನ್‌ನಲ್ಲಿ ಅದು ಒಂದೇ ಸಾಲು. ಎಐ ಸಾಧನಕ್ಕೆ ಕೇಳಿದೆ, ಅದೂ ಆ ಒಂದು ಸಾಲನ್ನೇ ಕೊಟ್ಟಿತು. ಇಂಗ್ಲಿಷ್ ಪದಗಳಿಗೆ ಸರಿಯಾಯಿತು. ‘ಕನ್ನಡ’ ಎಂದು ಕೊಟ್ಟು ನೋಡಿದೆ, ‘ಡನ್ನಕ’ ಎಂದು ಬಂತು. ಸರಿಯಾಗಿಯೇ ಇದೆ. ಮುಗಿಯಿತು ಅಂದುಕೊಳ್ಳಬಹುದಿತ್ತು.

‘ಮೈಸೂರು’ ಎಂದು ಕೊಟ್ಟೆ. ಬರಬೇಕಾದದ್ದು ‘ರುಸೂಮೈ’. ಬಂದದ್ದು ಮೊದಲಿಗೆ ಅನಾಥವಾಗಿ ನೇತಾಡುವ ಒಂದು ಉಕಾರದ ಕೊಂಬು, ಅದರ ಹಿಂದೆ ‘ರೂಸೈಮ’.

ಆದದ್ದೇನೆಂದರೆ, ನಮ್ಮ ಕಣ್ಣಿಗೆ ‘ಮೈಸೂರು’ ಮೂರು ಅಕ್ಷರ. ಯುನಿಕೋಡ್‌ಗೆ ಅದು ಆರು ಸಂಕೇತ: ಮ, ಐತ್ವ, ಸ, ಊಕಾರದ ಕೊಂಬು, ರ, ಉಕಾರದ ಕೊಂಬು. ಪ್ರೋಗ್ರಾಮ್ ಆರನ್ನೂ ತಿರುಗಿಸಿತು. ಸ್ವರಚಿಹ್ನೆಗಳು ತಮ್ಮ ವ್ಯಂಜನವನ್ನು ಬಿಟ್ಟು ಪಕ್ಕದ ಮನೆಯ ವ್ಯಂಜನಕ್ಕೆ ಅಂಟಿಕೊಂಡವು. ಹಾಗಾದರೆ ‘ಕನ್ನಡ’ ಹೇಗೆ ಸರಿಯಾಯಿತು? ಅದು ಅದೃಷ್ಟ. ಕ, ನ, ವಿರಾಮದ ಚಿಹ್ನೆ, ನ, ಡ ಎಂಬ ಐದರಲ್ಲಿ ವಿರಾಮ ನಟ್ಟನಡುವೆ ಇದೆ, ಅದರ ಎರಡೂ ಬದಿಗೆ ಅದೇ ‘ನ’. ತಿರುಗಿಸಿದರೂ ಒತ್ತಕ್ಷರ ಹಾಗೇ ಉಳಿಯುತ್ತದೆ. ‘ಕನ್ನಡ’ದಲ್ಲಿ ಪರೀಕ್ಷೆ ಮಾಡಿದವರು ಪ್ರೋಗ್ರಾಮ್ ಸರಿಯಿದೆ ಎಂದು ಬರೆದು ಮನೆಗೆ ಹೋಗುತ್ತಾರೆ. ಕ್ರೌಡ್‌ಸ್ಟ್ರೈಕ್‌ನ 21ನೇ ಖಾನೆಯಲ್ಲಿದ್ದ ವೈಲ್ಡ್‌ಕಾರ್ಡ್ ಮಾಡಿದ ಕೆಲಸವೂ ಇದೇ. ಆ ವರದಿ ಓದುವಾಗ ನನಗೆ ಥಟ್ಟನೆ ನೆನಪಾದದ್ದು ಈ ‘ಡನ್ನಕ’.

ಒಮ್ಮೆ ಒಳಗೆ ಇಳಿದ ಮೇಲೆ ಒಂದೊಂದಾಗಿ ಹೊರಬಂತು. ಯುಟಿಎಫ್-8 ಪದ್ಧತಿಯಲ್ಲಿ ಇಂಗ್ಲಿಷಿನ ಒಂದು ಅಕ್ಷರಕ್ಕೆ ಒಂದು ಬೈಟ್, ಕನ್ನಡದ ಒಂದೊಂದು ಸಂಕೇತಕ್ಕೂ ಮೂರು ಬೈಟ್. ‘ವೆಂಕಟೇಶಮೂರ್ತಿ’ ಎಂಬ ಹೆಸರಿನಲ್ಲಿ 13 ಸಂಕೇತಗಳು, ಅಂದರೆ 39 ಬೈಟ್. ಇಂಗ್ಲಿಷಿನಲ್ಲಿ ಬರೆದರೆ 16 ಅಕ್ಷರ, 16 ಬೈಟ್. ಅರ್ಜಿ ನಮೂನೆಯಲ್ಲಿ ಹೆಸರಿಗೆ 30 ಬೈಟ್ ಸಾಕು ಎಂದು ಯಾರೋ ಒಬ್ಬ ಡೆವಲಪರ್ ಲೆಕ್ಕ ಹಾಕಿಬಿಟ್ಟರೆ ಇವರು ‘ವೆಂಕಟೇಶಮೂರ’ ಆಗುತ್ತಾರೆ.

ಅಕಾರಾದಿ ಜೋಡಣೆ ಇನ್ನೂ ಸ್ವಾರಸ್ಯ. ನಮ್ಮ ನಿಘಂಟುಗಳಲ್ಲಿ ‘ಳ’ ಬರುವುದು ‘ಹ’ ಆದ ಮೇಲೆ, ಕಟ್ಟಕಡೆಗೆ. ಯುನಿಕೋಡ್ ಪಟ್ಟಿಯಲ್ಲಿ ‘ಳ’ ಕೂತಿರುವುದು ‘ಲ’ ಪಕ್ಕದಲ್ಲಿ, ‘ವ’ಕ್ಕಿಂತ ಮುಂಚೆ. ಆದ್ದರಿಂದ ಬರೀ ಸಂಕೇತದ ಸಂಖ್ಯೆ ನೋಡಿ ಜೋಡಿಸಿದರೆ ‘ಬಳೆ’ ಎಂಬುದು ‘ಬಸವ’ನಿಗಿಂತ ಮೊದಲು ಬಂದು ಕೂರುತ್ತದೆ. ನಿಘಂಟಿನಲ್ಲಿ ಅದು ‘ಬಸವ’ ಆಗಿ, ‘ಬಹಳ’ವೂ ಆದ ಮೇಲೆ ಬರಬೇಕು. ಇದನ್ನು ಸರಿಪಡಿಸಲು ಕೊಲೇಷನ್ ಎಂಬ ಪ್ರತ್ಯೇಕ ನಿಯಮಾವಳಿ ಬೇಕು. ‘ಕೋ’ ಎಂಬ ಅಕ್ಷರವನ್ನು ಒಂದೇ ಓಕಾರದ ಸಂಕೇತ ಹಾಕಿಯೂ ಬರೆಯಬಹುದು, ಒಕಾರಕ್ಕೆ ದೀರ್ಘದ ಚಿಹ್ನೆ ಸೇರಿಸಿಯೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ, ಹುಡುಕುವ ಪ್ರೋಗ್ರಾಮ್‌ಗೆ ಬೇರೆ ಬೇರೆ. ‘ರ‍್ಯಾಂಕ್’ ಎಂದು ಬರೆಯುವಾಗ ನಡುವೆ ಕಣ್ಣಿಗೆ ಕಾಣದ ಜೋಡಕವೊಂದು ಕೂತಿರುತ್ತದೆ. ಮತದಾರರ ಪಟ್ಟಿ, ಪಹಣಿ, ಅಂಕಪಟ್ಟಿ, ಬ್ಯಾಂಕಿನ ಆ್ಯಪ್ ಹೀಗೆ ಕನ್ನಡದಲ್ಲಿ ಹೆಸರು ಹುಡುಕುವ ಪ್ರತಿಯೊಂದು ವ್ಯವಸ್ಥೆಯಲ್ಲೂ ಯಾರಾದರೂ ಕೂತು ಇವುಗಳನ್ನೆಲ್ಲ ಯೋಚಿಸಿರಬೇಕಾಗುತ್ತದೆ.

ಎಐ ಸಾಧನಕ್ಕೆ ‘ಮೈಸೂರು’ ಸರಿಬರಲಿಲ್ಲ ಎಂದು ಹೇಳಿದೆ. ಕೂಡಲೇ ಅದು ಅಕ್ಷರಗುಚ್ಛಗಳಾಗಿ ಒಡೆದು ತಿರುಗಿಸುವ ಬೇರೆ ವಿಧಾನ ಕೊಟ್ಟಿತು, ಮೈಸೂರಿಗೆ ಅದು ಸರಿಯೂ ಆಯಿತು. ಒತ್ತಕ್ಷರಗಳಿಗೆ ಇನ್ನಷ್ಟು ಕೆಲಸ ಬಾಕಿಯಿದೆ. ನಾನು ಎಐ ವಿರೋಧಿಯಲ್ಲ, ದಿನವೂ ಬಳಸುತ್ತೇನೆ. ಆದರೆ ಅದಕ್ಕೆ ಆ ಎರಡನೇ ಪ್ರಶ್ನೆ ಕೇಳಲು ಮೊದಲ ಉತ್ತರ ತಪ್ಪೆಂದು ನನಗೆ ಗೊತ್ತಾಗಬೇಕಿತ್ತು. ನನಗೆ ಗೊತ್ತಾದದ್ದು ಕನ್ನಡ ಬರುತ್ತಿದ್ದುದರಿಂದ. ಇಂಗ್ಲಿಷ್ ಅಷ್ಟು ಚೆನ್ನಾಗಿ ಬರುವುದಿಲ್ಲವೆಂದು ಕುಗ್ಗುವ ನಮ್ಮ ಹುಡುಗ ಹುಡುಗಿಯರು ಇದನ್ನು ಗಮನಿಸಬೇಕು. ಈ ಪರೀಕ್ಷೆಗೆ ನಾವು ಹುಟ್ಟಿನಿಂದಲೇ ತಯಾರಾಗಿ ಬಂದಿದ್ದೇವೆ.

ಇದಕ್ಕೆ ಬರುವ ಆಕ್ಷೇಪ ನನಗೆ ಗೊತ್ತಿದೆ. ‘ನಿಮಗೆ ಕೆಲಸವಿದೆ, ಹಾಗಾಗಿ ಹೇಳುತ್ತೀರಿ. ನಮ್ಮ ರೆಸ್ಯೂಮೆಯನ್ನು ಮೊದಲು ಓದುವುದು ಮನುಷ್ಯನಲ್ಲ, ಸಾಫ್ಟ್‌ವೇರ್. ಅದು ಹುಡುಕುವುದು ಹೊಸ ಪದಗಳನ್ನು. ಆ ಪದ ಇಲ್ಲದಿದ್ದರೆ ನಿಮ್ಮ ಎದುರಿಗೆ ಬಂದು ಕೂರುವ ಅವಕಾಶವೇ ಇಲ್ಲ.’ ಇದು ನಿಜ, ಇದನ್ನು ತಳ್ಳಿಹಾಕಲು ನನ್ನಿಂದಾಗದು. ಜಾಹೀರಾತಿನಲ್ಲಿ ಕೇಳಿದ ಪದ ರೆಸ್ಯೂಮೆಯಲ್ಲಿ ಇರಲೇಬೇಕು. ಅದಕ್ಕಾಗಿ ಒಂದೆರಡು ಸರ್ಟಿಫಿಕೇಟ್ ಮಾಡಿಕೊಳ್ಳಿ, ಬೇಡ ಎನ್ನುವುದಿಲ್ಲ. ನನ್ನ ತಕರಾರು ಮೂರನೆಯದರಿಂದ ಶುರುವಾಗುತ್ತದೆ. ಒಂದು ಪದವನ್ನು ರೆಸ್ಯೂಮೆಗೆ ಸೇರಿಸಿದ ಮೇಲೆ ಅದರ ಬಗ್ಗೆ ಕೇಳಬಹುದಾದ ಎರಡನೇ ಪ್ರಶ್ನೆಗೆ ಉತ್ತರ ಹುಡುಕುವುದನ್ನು ಬಿಟ್ಟು, ಮುಂದಿನ ಪದದ ಹಿಂದೆ ಓಡುವುದರಿಂದ. ಹದಿನೈದು ಪದ ತುಂಬಿದ ರೆಸ್ಯೂಮೆ ಎದುರಿಗಿಟ್ಟುಕೊಂಡಾಗ ನಾನು ಅದರಲ್ಲಿ ಯಾವುದೋ ಒಂದನ್ನು ಆರಿಸಿ ಕೇಳುತ್ತೇನೆ. ಹದಿನೈದಕ್ಕೂ ತಯಾರಿರುವವರು ಎಲ್ಲಿದ್ದಾರೆ?

ಎರಡನೇ ಆಕ್ಷೇಪ ಸಮಯದ್ದು, ಅದು ಕೆಲಸದಲ್ಲಿರುವವರದು. ಜುಲೈ ಕೊನೆಗೆ ರಾಜ್ಯದಲ್ಲಿ ಐಟಿ ನೌಕರರ ದಿನದ ಕೆಲಸವನ್ನು 14 ಗಂಟೆವರೆಗೆ ವಿಸ್ತರಿಸುವ ಪ್ರಸ್ತಾಪದ ಸುದ್ದಿ ಬಂತು. ಆಗಿನ ಕಾನೂನಿನಲ್ಲಿ ಓವರ್‌ಟೈಮ್ ಸೇರಿ 10 ಗಂಟೆಯೇ ಮಿತಿ. ಐಟಿ ನೌಕರರ ಸಂಘ ಇದನ್ನು ಬಲವಾಗಿ ವಿರೋಧಿಸಿದೆ, ನಾನೂ ವಿರೋಧಿಸುತ್ತೇನೆ. 14 ಗಂಟೆ ದುಡಿದು, ಬೆಂಗಳೂರಿನ ಟ್ರಾಫಿಕ್‌ನಲ್ಲಿ ಎರಡು ಗಂಟೆ ಕಳೆದು ಬಂದವರಿಗೆ ‘ಸ್ಕಿಲ್ ಬೆಳೆಸಿಕೊಳ್ಳಿ’ ಎಂದು ಹೇಳುವುದಕ್ಕೆ ಮುಖವಿರಬೇಕು. ನನಗೆ ತಿಂಗಳಿಗೆ ಮೂರು ಅಧ್ಯಾಯ ಓದಲು ಆದದ್ದು ನಮ್ಮ ಮ್ಯಾನೇಜರ್ ಸಂಜೆ ಆರೂವರೆಗೆ ಎದ್ದು ಮನೆಗೆ ಹೋಗುವುದರಿಂದ. ಕೆಲಸ ಸಿಕ್ಕ ಮೇಲೆ ಅಂಥವರು ಸಿಗುವುದು ನಿಮ್ಮ ಕೈಯಲ್ಲಿಲ್ಲ. ಕೆಲಸ ಹುಡುಕುವ ಈ ತಿಂಗಳುಗಳು ಮನೆಯಲ್ಲಿ ಎಷ್ಟೇ ಮಾತು ಕೇಳಿಸಿಕೊಳ್ಳುವಂತೆ ಮಾಡಿದರೂ, ದಿನಕ್ಕೆ ಎರಡು ಗಂಟೆ ನಿಮ್ಮದೇ ಆಗಿರುವ ಕಾಲವೂ ಹೌದು.

ಚಿಕ್ಕಪ್ಪನ ಮಗನಿಗೆ ನಾನು ಹೇಳಿದ್ದು ಒಂದೇ ಕೆಲಸ. ‘ಅಲರ್’ ಎಂಬ ಕನ್ನಡ–ಇಂಗ್ಲಿಷ್ ನಿಘಂಟು ಅಂತರ್ಜಾಲದಲ್ಲಿದೆ. ವಿ. ಕೃಷ್ಣ ಎಂಬುವರು ನಾಲ್ಕು ದಶಕ ಒಬ್ಬರೇ ಕೂತು ಸಿದ್ಧಪಡಿಸಿದ್ದು, ಒಂದೂವರೆ ಲಕ್ಷಕ್ಕೂ ಹೆಚ್ಚು ಪದಗಳಿವೆ. 2019ರಿಂದ ಅದರ ಡೇಟಾ ಮುಕ್ತವಾಗಿ ಸಿಗುತ್ತದೆ. ಅದನ್ನು ಇಳಿಸಿಕೊಂಡು ಒಂದು ಡೇಟಾಬೇಸ್‌ಗೆ ಹಾಕು, ಇಂಡೆಕ್ಸ್ ಇಲ್ಲದೆ ಹುಡುಕು, ಇಂಡೆಕ್ಸ್ ಹಾಕಿ ಹುಡುಕು, ಎರಡರ ಸಮಯ ಬರೆದಿಡು, ಆಮೇಲೆ ‘ಬಳೆ’ಯನ್ನು ‘ಬಹಳ’ದ ನಂತರ ತಂದು ಕೂರಿಸು ಎಂದೆ. ಎಸ್‌ಕ್ಯುಎಲ್, ಇಂಡೆಕ್ಸ್, ಯುನಿಕೋಡ್, ಪರೀಕ್ಷೆ ಎಲ್ಲವೂ ಇದರಲ್ಲಿದೆ. ರೆಸ್ಯೂಮೆಯಲ್ಲಿ ಎರಡು ಸಾಲಾಗುತ್ತದೆ, ಎರಡನೇ ಪ್ರಶ್ನೆಗೆ ಉತ್ತರವೂ ಇರುತ್ತದೆ.

ನಾನೂ ಅದೇ ಡೇಟಾ ಇಳಿಸಿಕೊಂಡಿದ್ದೇನೆ. ಒತ್ತಕ್ಷರಗಳನ್ನು ಒಡೆಯದೆ ತಿರುಗಿಸುವ ನನ್ನ ಪ್ರೋಗ್ರಾಮ್‌ಗೆ ಆ ಒಂದೂವರೆ ಲಕ್ಷ ಪದಗಳನ್ನೂ ಒಂದೊಂದಾಗಿ ಕೊಟ್ಟು ನೋಡಬೇಕು. ಕ್ಲೆಪ್‌ಮನ್ ಪುಸ್ತಕದ ನಾಲ್ಕನೇ ಅಧ್ಯಾಯವೂ ಕಾಯುತ್ತಿದೆ. ಆಗಸ್ಟ್‌ನಲ್ಲಿ ಇವೆರಡೇ.